ಕೊಳಲಿನವನು ಉಸಿರು ತೆಗೆದುಕೊಳ್ಳುವುದು ಯಾವಾಗ?

ನನಗೆ ಕೊಳಲು ಊದಲು ಬರುವುದಿಲ್ಲ. ಒಮ್ಮೆ ಪ್ರಯತ್ನಿಸಿದಾಗ ಹೊರಟ ಸದ್ದಿಗೆ, ಒಲೆಯ ಮೇಲೆ ಏನೋ ಉಕ್ಕಿತೆಂದು ಅಕ್ಕ ಅಡುಗೆಮನೆಗೆ ಓಡಿದ್ದಳು. ಊದಲು ಬಾರದವನಿಗೆ ಉಳಿಯುವ ಉದ್ಯೋಗ ಒಂದೇ, ಬೇರೆಯವರು ಊದಿದ್ದನ್ನು ಪರೀಕ್ಷೆ ಮಾಡುವುದು. ವಿಲಾಯತಿಯ ಹಳೆಯ ರಾಕ್ ಹಾಡುಗಳ ನಡುವೆ ತೇಲಿಬರುವ ಕೊಳಲು ಅಸಲಿಯೋ ಅಥವಾ ಯಂತ್ರದ್ದೋ ಎಂದು ಪತ್ತೆಹಚ್ಚುವ ಚಟ ನನಗೆ ತೊಂಬತ್ತರ ದಶಕದಲ್ಲಿ ಹತ್ತಿತು. ಇಸ್ಪೀಟಿಗಿಂತ ವಾಸಿ ಎಂದು ಮನೆಯವರು ಸುಮ್ಮನಿದ್ದರು.

ಹತ್ತಿಸಿದವರು ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಂಗಾಳಿ ಎಂಜಿನಿಯರರು. ಮೀನು ಹೊಸತಿರಬೇಕು, ಹಾಡು ಹಳತಿರಬೇಕು ಎಂಬುದು ಅವರ ಸಿದ್ಧಾಂತ. ಕಾರವಾರದ ಪೇಟೆಯಲ್ಲಿ ಒಳ್ಳೆಯ ಇಸವಣ ಮೀನು ಆರಿಸಿಕೊಟ್ಟೆನೆಂದು ಖುಷಿಯಾಗಿ ನನಗೊಂದು ಕ್ಯಾಸೆಟ್ಟು ತುಂಬಿಸಿಕೊಟ್ಟರು. ಅದನ್ನು ಹಿಡಿದುಕೊಂಡು ಭಾನುವಾರ ಅಂಕೋಲೆಯ ಕೇಣಿಗೆ, ಅಕ್ಕನ ಮನೆಗೆ ಹೋದೆ. ಭಾವನಿಗೆ ಕೇಳಿಸಬೇಕಿತ್ತು.

ಭಾವ ಶಾಲೆಯಲ್ಲಿ ಮಾಸ್ತರರು, ಊರಿನ ಭಜನಾ ಮಂಡಳಿಯಲ್ಲಿ ಕೊಳಲು. ಕೊಳಲು 'ಆಗಿದ್ದರು' ಎನ್ನಬೇಕು. ಹಿಂದಿನ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ, ಅರ್ಧ ಮನುಷ್ಯನಾಗಿ ಮನೆಗೆ ಬಂದಿದ್ದರು. ಡಾಕ್ಟರು ಸ್ವಲ್ಪ ದಿನ ದಮ್ಮು ಕಟ್ಟುವ ಕೆಲಸ ಬೇಡ ಎಂದದ್ದರಲ್ಲಿ 'ಸ್ವಲ್ಪ ದಿನ' ಎಂಬುದನ್ನು ಅಕ್ಕ ಕೇಳಿಸಿಕೊಳ್ಳಲೇ ಇಲ್ಲ. ಕೊಳಲನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿಬಿಟ್ಟಳು. ಗಂಡನ ಉಸಿರಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕಿವಿಗೊಟ್ಟು ಕೂತವಳು ಅವಳು, ಅವಳ ಹೆದರಿಕೆ ನಮಗೆಲ್ಲ ಅರ್ಥವಾಗುತ್ತಿತ್ತು. ಭಾವನೂ ಹಟ ಮಾಡಲಿಲ್ಲ. ಒಂದು ಸಾಲು ಪೂರ್ತಿ ಎಳೆಯಲಾರದವನು ಸಪ್ತಾಹದಲ್ಲಿ ಕೂತು ಮಾಡುವುದೇನು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು.

ನಮ್ಮ ಕಡೆಯ ಭಜನಾ ಸಪ್ತಾಹ ಗೊತ್ತಲ್ಲ? ದೀಪ ಹಚ್ಚಿ ಶುರುಮಾಡಿದರೆ ಏಳು ದಿನ ಹಗಲು ರಾತ್ರಿ ನಾಮ ನಿಲ್ಲಬಾರದು, ತಾಳ ತಪ್ಪಬಾರದು. ಪಾಳಿಯ ಮೇಲೆ ಮಂಡಳಿಗಳು ಬರುತ್ತವೆ. ಒಬ್ಬನ ಗಂಟಲು ಸೋತರೆ ಪಕ್ಕದವನು ಎತ್ತಿಕೊಳ್ಳುತ್ತಾನೆ. ಬೆಳಗಿನ ಜಾವದ ಪಾಳಿಯಲ್ಲಿ ಭಾವನ ಕೊಳಲಿಗೆಂದೇ ಜನ ಬೇಗ ಎದ್ದು ಬರುತ್ತಿದ್ದ ಕಾಲವೊಂದಿತ್ತು. ಆ ವರ್ಷದ ಸಪ್ತಾಹ ಹತ್ತಿರ ಬಂದಿತ್ತು, ಯಾರಾದರೂ ಅದರ ಸುದ್ದಿ ಎತ್ತಿದರೆ ಭಾವ ಹವೆಯ ಬಗ್ಗೆ ಮಾತಾಡುತ್ತಿದ್ದರು.

ಕ್ಯಾಸೆಟ್ಟು ಹಾಕಿದೆ. ಗಿಟಾರಿನ ಗಲಾಟೆ ತಣ್ಣಗಾಗಿ ಕೊಳಲುಗಳು ಬಂದವು, ಮೆತ್ತಗೆ, ಮಂಜಿನೊಳಗಿಂದ ಬಂದಂತೆ. ಭಾವ ಚಹದ ಲೋಟ ಕೆಳಗಿಟ್ಟರು. ಮತ್ತೆ ಹಾಕು ಎಂದರು. ಮತ್ತೂ ಒಮ್ಮೆ ಎಂದರು.

"ಇವ ಉಸಿರು ತಗೊಳ್ಳುದು ಯಾವಾಗ ಮಾರಾಯ?"

ನನಗೇನು ಗೊತ್ತು? ಅವರೇ ಯೋಚಿಸಿ ಉತ್ತರ ಕಂಡುಹಿಡಿದರು. ಒಟ್ಟಿಗೇ ಮೂರು ಸ್ವರ ಕೇಳುತ್ತದೆ, ಹಾಗಾಗಿ ಮೂವರಿದ್ದಾರೆ. ಒಬ್ಬನ ದಮ್ಮು ಮುಗಿಯುವ ಮೊದಲೇ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಹಾಗಾಗಿ ಉಸಿರು ಕೇಳುವುದಿಲ್ಲ. ಅಂದರೆ ಅಲ್ಲಿಯೂ ಸಪ್ತಾಹದ ಪದ್ಧತಿ ಇರಬೇಕು! ಮೂವರೂ ಒಂದೇ ಮನೆಯ ಅಣ್ಣತಮ್ಮಂದಿರೇ ಆಗಿರಬೇಕು, ಇಲ್ಲದಿದ್ದರೆ ಇಷ್ಟು ಹೊಂದಿಕೆ ಬರುವುದಿಲ್ಲ ಎಂದೂ ಸೇರಿಸಿದರು. ಆಮೇಲೆ ಬಹಳ ಹೊತ್ತು ಅಟ್ಟದ ಕಡೆಗೇ ನೋಡುತ್ತಿದ್ದರು. ಅರ್ಧ ಉಸಿರಿನವನೂ ಊದಬಹುದು, ಉಳಿದರ್ಧಕ್ಕೆ ಪಕ್ಕದವರಿದ್ದರೆ ಸಾಕು ಎಂಬ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು.

ಅಕ್ಕ ಎರಡು ದಿನ ಜಗಳವಾಡಿ ಕೊಳಲು ಇಳಿಸಿಕೊಟ್ಟಳಂತೆ. ಒಂದೇ ಕರಾರು, ಅವಳ ಕಣ್ಣೆದುರೇ ಊದಬೇಕು. ಭಾವ ಜಗಲಿಯಲ್ಲಿ ಕೂತು ಊದುವುದು, ಅಕ್ಕ ಎದುರಿಗೆ ಕೂತು ಮೀನು ಹಸನು ಮಾಡುವುದು. ಅವರು ಕೆಮ್ಮಿದರೆ ಇವಳ ಕೈ ನಿಲ್ಲುತ್ತಿತ್ತು.

ಇತ್ತ ಎಂಜಿನಿಯರರಿಗೆ ನಾನು ಮೂವರು ಅಣ್ಣತಮ್ಮಂದಿರ ಕಥೆ ಹೇಳಿದೆ. ಅವರು ನಕ್ಕು ಕಣ್ಣೀರು ಒರೆಸಿಕೊಂಡರು. ಅದು ಕೊಳಲುಗಾರರಲ್ಲ, ಹಾರ್ಮೋನಿಯಮ್ಮಿನಂಥ ಒಂದು ಕೀಬೋರ್ಡು. ಪ್ರತಿ ಕೀಯ ಅಡಿಗೆ ಒಂದೊಂದು ತುಂಡು ಟೇಪು, ಟೇಪಿನಲ್ಲಿ ಯಾರೋ ಎಂದೋ ಊದಿಟ್ಟ ಒಂದೊಂದು ಸ್ವರ. ಒತ್ತಿದರೆ ಅದು ಎಂಟು ಸೆಕೆಂಡು ಓಡಿ ಸುಮ್ಮನಾಗುತ್ತದೆ. ಅಸಲಿ ಕೊಳಲಿನಲ್ಲಿ ಉಸಿರು ಕೇಳುತ್ತದೆ, ಟೇಪಿನದು ಉಸಿರಾಡದೆ ನಡುಗುತ್ತದೆ, ಇವೇ ಎರಡು ಗುರುತು ಎಂದರು. ನಾನು ನಡುಕದ ಗುರುತನ್ನು ಹಿಡಿದುಕೊಂಡು ಅಕ್ಕನ ಮನೆಯ ಟೇಪ್‌ರೆಕಾರ್ಡರಿನಲ್ಲಿ ಪರೀಕ್ಷೆಗೆ ಕೂತೆ. ಎಲ್ಲವೂ ನಕಲಿ! ಕೊನೆಗೆ ಅಕ್ಕನ ಮದುವೆಯ ಕ್ಯಾಸೆಟ್ಟಿನಲ್ಲಿ ಭಟ್ಟರ ಮಂತ್ರವೂ ನಡುಗಿದಾಗ ಸಂಶಯ ಬಂತು. ಸಮುದ್ರದ ಉಪ್ಪುಗಾಳಿಗೆ ರೆಕಾರ್ಡರಿನ ರಬ್ಬರ್ ಬೆಲ್ಟು ಸಡಿಲಾಗಿತ್ತು. ಕೇಣಿಯಲ್ಲಿ ಕೂತು ಜಗತ್ತಿನ ಕೊಳಲುಗಳನ್ನೆಲ್ಲ ನಕಲಿ ಎಂದು ಸಾರಿದ ಪಂಡಿತ ನಾನೊಬ್ಬನೇ ಇರಬೇಕು. ಉಳಿದದ್ದು ಉಸಿರಿನ ಗುರುತೊಂದೇ. ಅದೂ ಕೃಷ್ಣನಿಗೆ ಅನ್ವಯಿಸುವುದಿಲ್ಲ. ಕ್ಯಾಲೆಂಡರಿನ ಯಾವ ಕೃಷ್ಣನ ಗಲ್ಲವೂ ಉಬ್ಬಿದ್ದನ್ನು ನಾನು ಕಂಡಿಲ್ಲ.

ಊದಿದ್ದು ಮೂವರಲ್ಲ, ಯಂತ್ರ ಎಂಬ ಸತ್ಯವನ್ನು ಭಾವನಿಗೆ ಹೇಳುವುದೋ ಬಿಡುವುದೋ? ಅವರ ಕೊಳಲು ಅಟ್ಟದಿಂದ ಇಳಿದದ್ದೇ ಆ ಇಲ್ಲದ ಅಣ್ಣತಮ್ಮಂದಿರ ಬಲದಿಂದ. ಆದರೆ ಅವರು ಮಂಡಳಿಯಲ್ಲೆಲ್ಲ ಆ ಕಥೆ ಹೇಳಿಕೊಂಡು ತಿರುಗುತ್ತಿದ್ದರು, ಬೇರೆ ಯಾರಾದರೂ ನಕ್ಕರೆ ನನಗೆ ಸಹಿಸಲಾಗುತ್ತಿರಲಿಲ್ಲ. ಉಸಿರಿನ ಗುರುತಿನ ಸಮೇತ ಹೇಳಿಬಿಟ್ಟೆ. ಆ ಸಂಜೆ ಭಾವ ಕೊಳಲು ಮುಟ್ಟಲಿಲ್ಲ. ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಅವರೇ ಶುರುಮಾಡಿದರು. "ಯಂತ್ರವೇ ಆಗ್ಲಿ, ಅದರೊಳಗೆ ಒಬ್ಬ ಊದಿದ್ದಾನಲ್ಲ? ಹಿಂದಿಲ್ಲ ಮುಂದಿಲ್ಲ, ಒಂದೊಂದೇ ಸ್ವರ. ಎಷ್ಟು ತಾಳ್ಮೆ ಅವನದು!" ಅಷ್ಟು ದಿನದ ಹೊಗಳಿಕೆ ಒಂದಿಷ್ಟೂ ಕಮ್ಮಿಯಾಗದೆ ಮೂವರಿಂದ ಒಬ್ಬನಿಗೆ ವರ್ಗವಾಯಿತು. ಆಮೇಲೆ ಕೇಳಿದರು, "ಎಂಟು ಸೆಕೆಂಡಿಗೆ ನಿಲ್ತದೆ ಅಂದೆ. ನಿಂತ ಮೇಲೆ ಯಾರು ಎತ್ತಿಕೊಳ್ತಾರೆ?"

"ಯಾರೂ ಇಲ್ಲ ಭಾವ."

"ನಮ್ಮಲ್ಲಿದ್ದಾರೆ" ಎಂದು ಕೊಳಲು ಕೈಗೆತ್ತಿಕೊಂಡರು.

ಸಪ್ತಾಹದ ಬೆಳಗಿನ ಪಾಳಿಯಲ್ಲಿ ನಾನು ಕಂಬಕ್ಕೊರಗಿ ಕೂತಿದ್ದೆ. ಭಾವ ಚೆನ್ನಾಗಿಯೇ ಹಿಡಿದರು. ಮೊದಲಿನ ಜೋರಿಲ್ಲ, ಆದರೆ ಮೊದಲಿಲ್ಲದ ಒಂದು ಮೆದುತನ ಬಂದಿತ್ತು. ಮೂರನೆಯ ಭಜನೆಯಲ್ಲಿ, ಮೇಲಿನ ಸ್ವರಕ್ಕೆ ಏರಿದವರು ನಡುವೆಯೇ ನಿಂತುಬಿಟ್ಟರು. ದಮ್ಮು ಸಾಲಲಿಲ್ಲ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಒಂದು ದನಿ ಅದೇ ಸ್ವರದಲ್ಲಿ ನಾಮವನ್ನು ಎತ್ತಿಕೊಂಡಿತು. ಅಕ್ಕ! ದೇವರ ಮುಂದೆ ಆರತಿ ಹಾಡನ್ನೂ ಬಾಯಿಯೊಳಗೇ ಗೊಣಗುವ ನಮ್ಮ ಅಕ್ಕ. ಜಗಲಿಯಲ್ಲಿ ಮೀನು ಹಸನು ಮಾಡುತ್ತ ಆ ಉಸಿರು ಎಲ್ಲಿ ತುಂಡಾಗುತ್ತದೆಂದು ಕಾದು ಕೂತವಳಿಗೆ ಅದು ಮೊದಲೇ ತಿಳಿದಿತ್ತು. ಅವಳ ಹಿಂದೆ ಎಲ್ಲರೂ ಸೇರಿದರು. ಭಾವ ನಿಧಾನವಾಗಿ ಉಸಿರು ತುಂಬಿಕೊಂಡು ಮತ್ತೆ ಸೇರಿದರು. ನಾಮ ನಿಲ್ಲಲಿಲ್ಲ. ನನಗೆ ಕಣ್ಣು ಒದ್ದೆಯಾಯಿತು, ದೀಪದ ಹೊಗೆ ಎಂದು ಪಕ್ಕದವನಿಗೆ ಹೇಳಿದೆ.

ಪಾಳಿ ಮುಗಿಸಿ ಮನೆಗೆ ಬರುವಾಗ ಭಾವ ನನ್ನ ಕೈ ಹಿಡಿದು ನಿಲ್ಲಿಸಿದರು. ಅಸಲಿ-ನಕಲಿ ಹೇಳುವವನಲ್ಲವೇ ನಾನು!

"ನಿಜ ಹೇಳು. ನಾ ನಿಂತದ್ದು ಗೊತ್ತಾಯ್ತಾ?"

ಸುಳ್ಳು ಹೇಳಲು ಬಾಯಿ ತೆರೆದವನು, ಮುಂದೆ ಹೋಗುತ್ತಿದ್ದ ಅಕ್ಕನೂ ನಿಂತದ್ದನ್ನು ನೋಡಿ ನಿಜವನ್ನೇ ಹೇಳಿದೆ. "ಗೊತ್ತಾಯ್ತು ಭಾವ. ಉಸಿರು ತಗೊಂಡದ್ದೂ ಕೇಳಿತು."

ಭಾವನ ಮುಖ ಅರಳಿತು.

"ಹಂಗಾದ್ರೆ ಅಡ್ಡಿಲ್ಲ" ಎಂದರು. "ಅಸಲಿ."