ರೊಟ್ಟಿ ಬಡಿಯುತ್ತ ಕಲಿತ ಇಟಲಿಯ ಮಾತು

ಮಿಲ್ಟ್ರಿ ಕಾಕಾನ ಬಲಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ದಂಡಿನಲ್ಲಿ ಸುಟ್ಟುಹೋದದ್ದು ಮತ್ತೆ ಬೆಳೆಯಲಿಲ್ಲ. ಹೀಗಾಗಿ ಅವರ ಅರ್ಧ ಮುಖ ಸದಾ ಏನನ್ನೋ ಕೇಳಿ ಬೆರಗಾದಂತೆ ಕಾಣುತ್ತಿತ್ತು.

ಕೊಣ್ಣೂರಿನಲ್ಲಿ ಅವರದು ನಮ್ಮ ಬಾಜೂ ಮನೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕು, ಇಟಲಿಯಲ್ಲಿ ತಪ್ಪಿಸಿಕೊಂಡು, ಒಂದು ಚಳಿಗಾಲವೆಲ್ಲ ಅಲ್ಲಿಯ ರೈತ ಮುದುಕಿಯೊಬ್ಬಳ ಮನೆಯಲ್ಲಿ ಅಡಗಿದ್ದರಂತೆ. ಊರಿಗೆ ತಂದದ್ದು ಅವಳು ಕಲಿಸಿದ ಭಾಷೆಯೊಂದೇ. ಆಕಳ ಮುಂದೆ ಮೇವು ಹಾಕಿ "ಮನ್-ಜಾ-ರೆ" ಎನ್ನುತ್ತಿದ್ದರು. ತಿನ್ನುವುದು ಅಂತ ಅರ್ಥ.

ನನಗೆ ಉಗ್ಗು. ಮದುವೆ ಗೊತ್ತಾದಾಗ ಗಂಡಿನ ಕಡೆಯವರು ನನ್ನ ಮೌನವನ್ನು ನಾಚಿಕೆಯೆಂದೇ ತಿಳಿದಿದ್ದರು. ಆದರೆ ನಮ್ಮಲ್ಲಿ ಮದುಮಗಳು ಹೊಸ ಮನೆಯ ಹೊಸ್ತಿಲಲ್ಲಿ ನಿಂತು, ಗಂಡನ ಹೆಸರು ಸೇರಿಸಿ ಪ್ರಾಸದ ಒಡಪು ಹೇಳಬೇಕು. ಹೇಳುವವರೆಗೆ ನಾದಿನಿಯರು ಬಾಗಿಲು ಬಿಡುವುದಿಲ್ಲ. ಅದನ್ನು ನೆನೆದು ಅಳುತ್ತ ರೊಟ್ಟಿ ಬಡಿಯುತ್ತಿದ್ದೆ. ಕಾಕಾ ಬಂದು ಎದುರಿಗೆ ಕೂತರು.

"ಅಳಬ್ಯಾಡ ಮಗಳ. ಹೇಳು, ಪರ್-ಲಾ-ರೆ. ಮಾತಾಡೂದು ಅಂತ. ಒಂದೊಂದ ತುಂಡಿಗೆ ಒಂದೊಂದ ಬಡತ. ‘ಲಾ’ ಅಂದಾಗ ಜೋರ ಬಡಿ."

"ರೊಟ್ಟಿ ಹ-ಹರೀತೈತಿ, ಕಾಕಾ."

"ಹರೀಲಿ. ನಿಮ್ಮವ್ವ ತಿಂತಾಳ."

"ನಾ ಯಾಕ ತಿನ್ಲಿ? ಹರದದ್ದೆಲ್ಲಾ ನೀವ ತಿನ್ರಿ!" ಎಂದು ಅವ್ವ ಒಳಗಿನಿಂದ ರೇಗಿದಳು.

‘ಅವರು ಮಾತಾಡುತ್ತಾರೆ’ ಎನ್ನುವಾಗ ಒತ್ತು ಮೊದಲ ತುಂಡಿಗೆ ಜಿಗಿಯುತ್ತದೆಯಂತೆ: ಪಾರ್-ಲ-ನೊ. ನಾನು ತಪ್ಪಿದರೆ, "ಮುದಿಕಿ ನನಗ ಸೌಟ ತಗೊಂಡ ಬಡೀತಿದ್ಳು, ನಿನ್ನ ನಸೀಬ ಛಲೋ ಐತಿ" ಎನ್ನುತ್ತಿದ್ದರು. ವಿಚಿತ್ರವೆಂದರೆ ಆ ಪರದೇಶದ ಮಾತಿನಲ್ಲಿ ನಾನು ಉಗ್ಗಲಿಲ್ಲ. ಅದನ್ನು ಆಡುವಾಗ ಯಾರೂ ನನ್ನನ್ನು ನೋಡಿ ನಕ್ಕಿರಲಿಲ್ಲವಲ್ಲ! ಆಮೇಲೆ ಒಡಪನ್ನೂ ಹಾಗೇ ತುಂಡು ತುಂಡಾಗಿ ಬಡಿದು ಕಲಿತೆ.

ಹುಕ್ಕೇರಿಯಲ್ಲಿ ಗಂಡನ ಮನೆಯ ಹೊಸ್ತಿಲಲ್ಲಿ ಒಡಪು ಸರಾಗವಾಗಿ ಬಂತು, ಹೆಸರಿನ ಹತ್ತಿರ ನಿಂತಿತು. ನಾದಿನಿಯರು ಕಾದರು. ಅತ್ತೆ ನನ್ನ ಬಾಯಿಯನ್ನೇ ನೋಡತೊಡಗಿದರು. ನಾಲಿಗೆಗೆ ಬಂದದ್ದನ್ನು ಒದರಿಬಿಟ್ಟೆ: "ಪರ್-ಲಾ-ರೆ!"

"ಅಯ್ಯ ಶಿವನ! ನಮ್ಮಣ್ಣಗ ಈ ಹೆಸರ ಯಾವಾಗ ಇಟ್ರಿ ವೈನಿ?" ಎಂದಳು ದೊಡ್ಡ ನಾದಿನಿ.

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನನಗೂ ನಗು ಉಕ್ಕಿತು, ನಗುವಿನ ಜೊತೆಗೇ ಹೆಸರೂ ಹೊರಬಿತ್ತು. ಬಾಗಿಲು ಬಿಟ್ಟರು.

ಎಷ್ಟೋ ವರ್ಷಗಳ ಮೇಲೆ ಕಾಕಾ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಪಕ್ಕದಲ್ಲಿ ಕೂತು ಮಕ್ಕಳ ಸುದ್ದಿ, ಎಮ್ಮೆಯ ಸುದ್ದಿ, ಅತ್ತೆಯ ಸುದ್ದಿ ಹೇಳುತ್ತಲೇ ಇದ್ದೆ. ಅವರು ಮೆಲ್ಲಗೆ ಕೈ ಎತ್ತಿದರು.

"ಸಾಕ ಮಾಡವಾ. ಭಾಳ ಮಾತಾಡಾಕತ್ತೀ."

ಅಷ್ಟು ಹೆಮ್ಮೆಯಿಂದ ನನ್ನನ್ನು ಮತ್ತಾರೂ ಬೈದಿಲ್ಲ.