ಮೌಶಿಯ ತಾಯಿಮಕ್ಕಳ ಗಿಡ

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಸುತ್ತಿಗೆಯಿಂದ ಬಂದದ್ದು. ಮಧ್ಯಾಹ್ನ ಊಟವಾದ ಮೇಲೆ ಉಳಿದ ಹೆಂಗಸರು ಅಕ್ಕಿ ಆರಿಸುತ್ತ ಕುಳಿತರೆ, ನಮ್ಮ ಮನೆಯೊಡತಿ ಹೊರಗಿನ ತೆರೆದ ಗ್ಯಾಲರಿಯಲ್ಲಿ ಕಾಲು ಚಾಚಿ ಇಟ್ಟಿಗೆ ಒಡೆಯುತ್ತಿದ್ದರು. ಚೂರುಗಳು ಕಡಲೆಬೇಳೆಯ ಗಾತ್ರಕ್ಕೆ ಬರಬೇಕು. ನಡುನಡುವೆ ಒಂದು ಪೆಟ್ಟು ಹೆಬ್ಬೆರಳಿನ ಪಾಲಿಗೆ. ಆಗಲೂ ಅವರು ‘ಅಯ್ಯೋ’ ಎಂದವರಲ್ಲ, ಇಟ್ಟಿಗೆಯನ್ನು ಬೈಯುತ್ತಿದ್ದರು.

ಧಾರವಾಡ ಕಡೆಯವರು. ಮುಂಬಯಿಯ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ ಅವರದೊಂದು ಬ್ಲಾಕು: ಹೊರಗೊಂದು ಕೋಣೆ, ನಡುವೆ ಅಡುಗೆಮನೆ, ಒಳಗೊಂದು ಕೋಣೆ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಉಡುಪಿ ಕಡೆಯವರಾದ ನಾವು ಗಂಡಹೆಂಡತಿ ಹೊರಕೋಣೆಗೆ ಬಾಡಿಗೆಗೆ ಬಂದೆವು. ಕಟ್ಟಡದ ಮರಾಠಿಗರಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ; ನಮಗೂ ಮೌಶಿಯಾದರು. ಟ್ರಂಕು ಇಳಿಸುವ ಮೊದಲೇ ಕರಾರು ಓದಿ ಹೇಳಿದರು.

“ಮಳಿಗಾಲ ಮುಗಿಯೂತನಕ ಮನ್ಯಾಗ ಇಡ್ಲಿ ಮಾಡಂಗಿಲ್ಲ. ಕಡಬೂ ಇಲ್ಲ. ಹಸಿ ಅರಿವಿ ಒಳಗ ಹರವಂಗಿಲ್ಲ. ಒಪ್ಪಿಗಿ ಇದ್ರ ಸಾಮಾನು ಇಳಸ್ರಿ.”

“ಇಡ್ಲಿ ಮಾಡ್ಲಿಕ್ಕಿಲ್ವಾ?” ನನ್ನ ಹೆಂಡತಿಯ ಧ್ವನಿ ಏರಿತು. “ಹಾಗಾದ್ರೆ ನಾವು ಎಂತ ತಿನ್ನುದು?”

“ಭಕ್ಕರಿ ತಿನ್ರಿ. ಭಕ್ಕರಿ ಉಗಿ ಬಿಡೂದಿಲ್ಲ.”

ಕರಾರಿನ ಕಾರಣ ಒಳಕೋಣೆಯ ಹಲಗೆಯ ಮೇಲೆ, ಆ ಇಟ್ಟಿಗೆಚೂರು ತುಂಬಿದ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ, ಟೇಬಲ್ ಫ್ಯಾನಿನ ಗಾಳಿ ಸೇವಿಸುತ್ತ ಕುಳಿತಿತ್ತು. ಕಲ್ಲಿನಲ್ಲಿ ಕೆತ್ತಿದಂಥ ಪುಟ್ಟ ಕಮಲ. ಎಲೆಯ ತುದಿಗೆ ಕುಂಕುಮ ಮುಟ್ಟಿಸಿದಂತೆ ಕೆಂಪು. ಸುತ್ತಲೂ ದಾರದಂಥ ಬಳ್ಳಿಯಲ್ಲಿ ಅಂಟಿಕೊಂಡ ಹತ್ತಾರು ಮರಿಕಮಲಗಳು. ಇಂಗ್ಲಿಷಿನವರು ಇದಕ್ಕೆ ಕೋಳಿ ಮತ್ತು ಮರಿಗಳು ಎನ್ನುತ್ತಾರಂತೆ. ಮಡಿಯ ಮನೆಯಲ್ಲಿ ಆ ಹೆಸರು ನಡೆಯದೆ ಮೌಶಿ ಅದನ್ನು ತಾಯಿಮಕ್ಕಳ ಗಿಡ ಮಾಡಿದ್ದರು. ಅವರ ಯಜಮಾನರು ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿದ್ದವರು. ಉತ್ತರದ ಹಿಮ ಬೀಳುವ ಊರಿನಲ್ಲಿ ಕ್ವಾರ್ಟರ್ಸಿನ ಕಲ್ಲುಗೋಡೆಯ ಸಂದಿಯಲ್ಲಿ ಇದು ಬೆಳೆದಿತ್ತು. ಕೆಳಗಿಳಿದು ಬರುವಾಗ ಯಜಮಾನರೇ ಒಂದು ತಾಯಿಯನ್ನು ಮಕ್ಕಳ ಸಮೇತ ಮಫ್ಲರಿನಲ್ಲಿ ಸುತ್ತಿ ತಂದರು. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಉಳಿದದ್ದು ಪಿಂಚಣಿ, ಬ್ಲಾಕು ಮತ್ತು ಗಿಡ.

ಆ ಗಿಡಕ್ಕೆ ಚಳಿ ಸಲ್ಲುತ್ತದೆ, ಬರ ಸಲ್ಲುತ್ತದೆ, ಉಪವಾಸ ಸಲ್ಲುತ್ತದೆ. ಸಲ್ಲದ್ದು ಒಂದೇ, ಡೊಂಬಿವಲಿ. ಇಲ್ಲಿಯ ಗಾಳಿಯ ತೇವಕ್ಕೇ ಅದು ಕೊಳೆಯುತ್ತಿತ್ತು. ನೀರನ್ನು ಮೌಶಿ ಯಜಮಾನರ ಸಂಧ್ಯಾವಂದನೆಯ ಉದ್ಧರಣೆಯಲ್ಲಿ ಹಾಕುತ್ತಿದ್ದರು, ಆಚಮನದಷ್ಟು, ಅದೂ ಬುಡಕ್ಕೆ ಮಾತ್ರ. ಎಲೆಗೆ ಒಂದು ಹನಿ ಸಿಡಿದರೆ ಸೆರಗಿನ ತುದಿಯಿಂದ ಒತ್ತಿ ತೆಗೆಯುವರು. “ನೀರು ಹಾಕಿ ಕೊಲ್ಲೂದು ಎಲ್ಲಾರಿಗೂ ಬರ್ತದ, ತಮ್ಮಾ. ಹಾಕದ ಸುಮ್ನಿರೂದು ಕಲೀಬೇಕು.”

ಒಂದು ಚಳಿಗಾಲದಲ್ಲಿ ಒಂದು ತಾಯಿ ಕತ್ತೆತ್ತಿ ಗುಲಾಬಿ ಬಣ್ಣದ ಹೂ ಬಿಟ್ಟಿತು. ನೆರೆಯ ಹೆಂಗಸರು ಸಂಭ್ರಮದಿಂದ ಬಂದರು, ದೇವರಿಗೆ ಎರಡು ಹೂ ಕೇಳಿದರು. ಮೌಶಿ ಬಾಗಿಲಿಗೆ ಅಡ್ಡ ನಿಂತರು. “ಹೂ ಬಿಟ್ಟ ತಾಯಿ ಉಳಿಯೂದಿಲ್ಲ. ಆಕಿ ಹೊಂಟಾಳ, ನೀವು ಆರತಿ ತಟ್ಟಿ ಹಿಡ್ಕೊಂಡು ಬಂದೀರಿ!”

ಮಳೆ ಬಂತೆಂದರೆ ನಮ್ಮ ಮನೆಯಲ್ಲಿ ಕರ್ಫ್ಯೂ. ಬೆಳಿಗ್ಗೆ ಎದ್ದೊಡನೆ ಮೌಶಿ ಆ ಕಪ್ಪು ಉಗುರಿನ ಹೆಬ್ಬೆರಳಿನಿಂದ ಪ್ರತಿ ಗಿಡದ ನೆತ್ತಿ ಒತ್ತಿ ನೋಡುವರು. ಅಡುಗೆಮನೆಯಲ್ಲಿ ನಾವು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆವು. ಗಟ್ಟಿಯಿದ್ದರೆ ಎಲ್ಲರಿಗೂ ಚಹಾ. ಮೆತ್ತಗಾಗಿದ್ದರೆ ಆ ದಿನ ಮಾತಿಲ್ಲ. ಕೊಳೆತ ತಾಯಿಯಿಂದ ಮಕ್ಕಳನ್ನು ಕತ್ತರಿಸಿ ಬೇರೆ ತಟ್ಟೆಗೆ ಸೇರಿಸುವ ಕೆಲಸ. ವರ್ಷದಿಂದ ವರ್ಷಕ್ಕೆ ತಟ್ಟೆಗಳು ಕಡಿಮೆಯಾದವು. ನಮ್ಮ ಮಗ ತೊಟ್ಟಿಲಲ್ಲಿದ್ದ ವರ್ಷದ ಮಳೆಗಾಲಕ್ಕೆ ಉಳಿದದ್ದು ಒಂದೇ ತಟ್ಟೆ: ಒಬ್ಬ ತಾಯಿ, ಸುತ್ತ ಮಕ್ಕಳು. ಅದು ಹೋದರೆ ವಂಶ ಮುಗಿಯಿತು.

ಆ ಆಷಾಢದಲ್ಲಿ ಮಗುವಿಗೆ ಕೆಮ್ಮು ಹಿಡಿಯಿತು. ಒಂದು ಬೆಳಿಗ್ಗೆ ಉಸಿರೆಳೆದಾಗಲೆಲ್ಲ ಗಂಟಲಲ್ಲಿ ಗರಗಸ ಆಡಿದಂಥ ಸದ್ದು. ಪಕ್ಕೆ ಒಳಸೇದಿ ತುಟಿಯ ಸುತ್ತ ನೀಲಿ. ನಮ್ಮ ಕೋಣೆಯ ತಾರಸಿ ಸೋರುತ್ತಿತ್ತು, ಮುರುಕು ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು. ಬೀದಿಯ ಕೊನೆಯ ಮರಾಠಿ ಡಾಕ್ಟರು ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದರು. ಸೂಜಿಮದ್ದು ಕೊಟ್ಟು, “ಠಾಣೆಯ ಆಸ್ಪತ್ರೆಗೆ ಒಯ್ಯಬೇಕು. ಆದರೆ ಹಳಿಯ ಮೇಲೆ ನೀರು, ಲೋಕಲ್ ಇಲ್ಲ, ಟ್ಯಾಕ್ಸಿಯೂ ಬರಲಿಕ್ಕಿಲ್ಲ. ಅಲ್ಲಿಯವರೆಗೆ ಬಿಡದೆ ಹಬೆ ಕೊಡಿ. ಈ ಕೋಣೆಯಲ್ಲಿ ಹಬೆ ನಿಲ್ಲುವುದಿಲ್ಲ. ಮುಚ್ಚಿದ ಕೋಣೆ ಬೇಕು,” ಎಂದರು.

ಮುಚ್ಚಿದ ಕೋಣೆ ಮನೆಯಲ್ಲಿ ಒಂದೇ ಇತ್ತು, ಗಿಡದ ಒಳಕೋಣೆ. ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಒಳಗೆ ಫ್ಯಾನಿನ ಸದ್ದು ನಿಂತಿತು. ಮೌಶಿ ತಟ್ಟೆಯನ್ನು ಎದೆಗವಚಿಕೊಂಡು ಹೊರಬಂದರು.

“ಮೌಶಿ, ಅಡುಗೆಮನೆಯಲ್ಲಿ ಇಡುವಾ,” ಎಂದೆ.

“ನೀರು ಅಲ್ಲೇ ಕುದೀಬೇಕಲ್ಲೋ, ಶ್ಯಾಣ್ಯಾ! ಸರಿ ಅತ್ಲಾಗ.” ತಟ್ಟೆಯನ್ನು ಗ್ಯಾಲರಿಯ ಮೂಲೆಯಲ್ಲಿಟ್ಟರು. ಎರಚಲು ಅಲ್ಲಿಗೂ ಬಡಿಯುತ್ತಿತ್ತು. ಮೇಲೊಂದು ಕೊಡೆ ಬಿಡಿಸಿಟ್ಟರು. ಗಾಳಿ ಅದನ್ನು ಕೂಡಲೇ ಮಗುಚಿತು. ಅವರು ಎತ್ತಿಡಲು ಹೋಗಲಿಲ್ಲ. ನನ್ನ ಹೆಂಡತಿಯತ್ತ ತಿರುಗಿ, “ಏನು ನೋಡ್ಕೋತ ನಿಂತಿ? ನಿನ್ನ ಆ ಇಡ್ಲಿ ಪಾತ್ರಿ ತಗೊಂಡು ಬಾ,” ಎಂದು ಗದರಿದರು.

ಒಳಕೋಣೆಯ ಕಿಟಕಿಗೆ ಕಂಬಳಿ ಬಿಗಿದೆವು. ಒಂದು ಪಾತ್ರೆ ಆರುವಷ್ಟರಲ್ಲಿ ಇನ್ನೊಂದು ಕುದಿದು ಬರುತ್ತಿತ್ತು. ಗೋಡೆಯಿಂದ ನೀರಿಳಿಯಿತು. ಮೌಶಿ ಮಗುವನ್ನು ತೊಡೆಯ ಮೇಲೆ ಎತ್ತರಕ್ಕೆ ಆನಿಸಿಕೊಂಡು, ಹೆಬ್ಬೆರಳನ್ನು ಅದರ ಮೂಗಿನ ಕೆಳಗೆ ಹಿಡಿದು ಕುಳಿತರು. ನಡುಹಗಲು ದಾಟಿತು. ಒಮ್ಮೆ ಮಗು ಉಸಿರೆಳೆಯಲು ತಡಮಾಡಿತು, ಹೆಂಡತಿ ಚೀರಿದಳು. “ಸುಮ್ಮನಿರು!” ಎಂದ ಮೌಶಿ ಅದರ ಬೆನ್ನು ತಟ್ಟಿದರು. ಮಗು ಕೆಮ್ಮಿತು, ಅತ್ತಿತು. ದನಿ ಒಡೆದಿದ್ದರೂ ಅದು ಅಳುವೇ. ಸಂಜೆ ಮತ್ತೆ ಬಂದ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿ, ಕೊನೆಗೆ ಚಹಾ ಕೇಳಿದರು. ಗಂಡಾಂತರ ಕಳೆಯಿತೆಂದು ನಮಗೆ ತಿಳಿದದ್ದು ಆ ಚಹಾದಿಂದ.

ಹಬೆ ಇನ್ನೂ ಕೆಲವು ದಿನ ನಡೆಯಿತು. ಅದು ಮುಗಿದ ಬೆಳಿಗ್ಗೆ ಮೌಶಿ ಗ್ಯಾಲರಿಗೆ ಹೋಗಿ ತಾಯಿಯ ನೆತ್ತಿ ಒತ್ತಿದರು. ಹೆಬ್ಬೆರಳು ಕಳಿತ ಬಾಳೆಹಣ್ಣಿನೊಳಗೆ ಇಳಿದಂತೆ ಇಳಿಯಿತು. ಮಕ್ಕಳನ್ನೂ ಒಂದೊಂದಾಗಿ ಒತ್ತಿದರು. “ಆತು,” ಎಂದರು. ಆ ದಿನ ತಲೆಯ ಮೇಲೆ ನೀರು ಹಾಕಿಕೊಂಡು ಸ್ನಾನ ಮಾಡಿದರು.

ಕೆಲವು ವರ್ಷಗಳ ಮೇಲೆ ಕಂಪನಿ ಕೊಟ್ಟ ರಜೆಯ ಪ್ರವಾಸದಲ್ಲಿ ನಾವು ಉತ್ತರದ ಬೆಟ್ಟಗಳಿಗೆ ಹೋದೆವು. ಒಂದು ಗೋಡೆಯ ಮೇಲೆ ಅದೇ ಗಿಡ. ಡಬ್ಬಿಯಲ್ಲಿಟ್ಟು ತಂದು ಅವರ ಮುಂದಿಟ್ಟೆ. ಮೌಶಿ ನೆತ್ತಿ ಒತ್ತಿ, “ಗಟ್ಟಿ ಅದ,” ಎಂದರು. ಆಮೇಲೆ ಡಬ್ಬಿಯನ್ನು ನನ್ನ ಕಡೆಗೇ ಸರಿಸಿದರು. “ಬ್ಯಾಡೋ ತಮ್ಮಾ. ಈಗ ಪ್ರತಿ ಪಂಚಮಿಗೆ ತಂಗಿ ಮನಿಗೆ ಹೋಗ್ತೀನಿ. ಮತ್ತ ಮಳಿಗಾಲ ತುಂಬ ಇದರ ಕಾವಲು ಕೂಡಸ್ತೀಯೇನು? ಋಣ ತೀರಸಲಿಕ್ಕೆ ಬಂದವರ ಮಾರಿ ನೋಡಿದ ಕೂಡ್ಲೆ ನನಗ ಗೊತ್ತಾಗ್ತದ.”

ತೊಂಬತ್ತರ ದಶಕದ ಆರಂಭದಲ್ಲಿ, ಒಂದು ಶ್ರಾವಣದಲ್ಲಿ, ಧಾರವಾಡದ ತಂಗಿಯ ಮನೆಯಲ್ಲೇ ಮೌಶಿ ತೀರಿಕೊಂಡರು. ಮಗ ತೀರ ಚಿಕ್ಕವನಿದ್ದಾಗಲೇ ನಾವು ಠಾಣೆಗೆ ಬಂದಾಗಿತ್ತು. ಬೆಳಿಗ್ಗೆ ಫೋನು ಬಂದಾಗ ಮಗ ಕಾಲೇಜಿಗೆ ಹೊರಟು ಬೂಟಿನ ಲಾಡಿ ಕಟ್ಟುತ್ತಿದ್ದ.

“ಮೌಶಿ ಹೋದ್ರಂತೆ,” ಎಂದೆ.

“ಕೋಣ್ ಮೌಶಿ, ಪಪ್ಪಾ?” ಯಾರು ಎಂದು ಮರಾಠಿಯಲ್ಲೇ ಕೇಳಿದ.

ಹೇಳಲು ಬಾಯಿ ತೆರೆದೆ. ಲೋಕಲ್ ತಪ್ಪುತ್ತದೆ, ಸಂಜೆ ಹೇಳಿ ಎಂದವನೇ ಎರಡೆರಡು ಮೆಟ್ಟಿಲು ಹಾರುತ್ತ ನಾಲ್ಕು ಮಹಡಿ ಇಳಿದ. ನಾನು ಕಿಟಕಿಯಿಂದ ನೋಡುತ್ತ ನಿಂತೆ. ಗೇಟು ದಾಟಿ ರಸ್ತೆಯ ತಿರುವಿನವರೆಗೂ ಅವನು ಓಡಿದ. ಉಸಿರು ತೆಗೆದುಕೊಳ್ಳಲು ಒಮ್ಮೆಯೂ ನಿಲ್ಲಲಿಲ್ಲ.