ಬಂದರಿನವನ ಹಲ್ಲು, ಮಾವನವರ ಉಸಿರು

ಅಂದು ತೊಟ್ಟಿಗೆ ನೀರು ಬಿಟ್ಟೆ. ಇಸ್ತ್ರಿಯವನಿಗೆ ಬಟ್ಟೆ ಕೊಟ್ಟೆ. ಗಾಂಧಿಬಜಾರಿನಿಂದ ಸೊಗಡಿನ ಅವರೆಕಾಯಿ ತಂದು, ಸುಲಿದು, ಕಾಳು ನೆನೆಹಾಕಿದೆ. ಮಾವನವರ ಕನ್ನಡಕದ ತಿರುಪು ಬಿಗಿ ಮಾಡಿಸಿದೆ. ಸಂಜೆ ಅತ್ತೆಯೂ ನಾನೂ ಕಾಳು ಹಿತುಕುತ್ತಾ ಕೂತಿದ್ದಾಗ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಮುಖ ಸಣ್ಣ ಮಾಡಿಕೊಂಡು ಇಳಿದು ಬಂದಳು.

ಎರಡು ಸಾವಿರದ ಇಸವಿ ಕಳೆದ ಹೊಸತು. ಆ ಹುಡುಗಿಯದು ಹಳೆಯ ಹಲ್ಲುಗಳ ಸಂಶೋಧನೆ. ಹೊಯ್ಸಳರ ಕಾಲದಲ್ಲಿ ಕರಾವಳಿಯ ಒಂದು ಬಂದರಿನಲ್ಲಿ ಮಣ್ಣಾದವರು ಅಲ್ಲಿಯವರೋ, ಸಮುದ್ರ ದಾಟಿ ಬಂದವರೋ ಎಂದು ಹಲ್ಲಿನೊಳಗೆ ಉಳಿದ ಡಿಎನ್‌ಎಯಿಂದ ಪತ್ತೆ ಮಾಡಬೇಕು.

"ಆಂಟಿ, ದಸರಾ ರಜೇಲಿ ಲ್ಯಾಬ್ ಮುಚ್ಚಿತ್ತು ಅಂತ ಒಂದು ಹಲ್ಲಿನ ಡಬ್ಬಿ ರೂಮಲ್ಲಿಟ್ಟಿದ್ದೆ. ಯಾರಾದ್ರೂ ತೆಗೆದಿದ್ರಾ? ಅದರಲ್ಲಿ ಇಬ್ಬರ ಡಿಎನ್‌ಎ ಬರ್ತಿದೆ. ಇನ್ನೊಬ್ಬರು ಯಾರು ಅಂತ ಗೊತ್ತಾಗದಿದ್ರೆ ಎರಡು ವರ್ಷದ ಕೆಲಸಾನೇ ನಂಬಲ್ಲ ಅಂತಿದಾರೆ ನಮ್ಮ ಮೇಡಂ."

ಅತ್ತೆಯ ಕೈ ನಿಂತಿತು. "ಸತ್ತವರ ಹಲ್ಲು ನಮ್ಮನೆ ಮೇಲಿತ್ತಾ?"

"ತುಂಬಾ ಹಳೇದು ಅಜ್ಜಿ."

"ಹಳೇದಾದ್ರೆ ಬದುಕಿಬಿಡ್ತಾರಾ?"

ಅಲ್ಲೇ ಕುರ್ಚಿಯಲ್ಲಿದ್ದ ಮಾವನವರು ಪೇಪರು ಕೆಳಗಿಟ್ಟು, ಕನ್ನಡಕ ತೆಗೆದು, ಉಫ್ ಎಂದು ಊದಿ ಒರೆಸಿದರು. ಏನನ್ನೇ ನೋಡುವ ಮೊದಲೂ ಅವರಿಗೆ ಊದುವ ಅಭ್ಯಾಸ. ಹಳೇ ಪುಸ್ತಕ, ಬೆಳ್ಳಿ ಭರಣಿ, ಅಂಚೆಯವನು ತಂದ ಕಾಗದ ಕೂಡ. ನಾವು ಮೂವರೂ ಅವರನ್ನೇ ನೋಡಿದೆವು.

"ಮುಟ್ಟಲಿಲ್ಲ," ಎಂದರು. "ಟ್ಯಾಂಕ್ ನೋಡೋಕೆ ಹೋಗಿದ್ದೆ. ಬಾಗಿಲು ತೆಗೆದಿತ್ತು. ಡಬ್ಬಿ ಮುಚ್ಚಳ ತೆಗೆದೆ. ಧೂಳಿತ್ತು, ಊದಿದೆ. ಅಷ್ಟೆ."

"ಬಂದು ಸ್ನಾನ ಮಾಡಿದ್ರಾ?" ಎಂದರು ಅತ್ತೆ.

"ಮುಟ್ಟದೇ ಇದ್ದಿದ್ದಕ್ಕೆ ಎಂಥ ಸ್ನಾನ?"

"ದೀಪಾನೇ ಬಾಯಲ್ಲಿ ಊದಬಾರದು, ಎಂಜಲು ಹಾರತ್ತೆ ಅಂತ ನಲವತ್ತು ವರ್ಷದಿಂದ ಬಡ್ಕೊಂಡೆ."

"ನಮ್ಮ ಮೇಡಮ್ಮೂ ಇದನ್ನೇ ಬಡ್ಕೊಳ್ಳೋದು ಅಜ್ಜಿ," ಎಂದಳು ಹುಡುಗಿ, ಅಳುವಿನ ನಡುವೆ ನಗುತ್ತಾ. ಮೇಲೆ ಓಡಿ ಹತ್ತಿ ಸುತ್ತಿದ ಕಡ್ಡಿ ತಂದು, ಡಿಎನ್‌ಎ ಹೋಲಿಸಿ ನೋಡಲು ಮಾವನವರ ಕೆನ್ನೆಯೊಳಗೆ ಆಡಿಸಿದಳು.

ಮಾವನವರಿಗೆ ಹುಮ್ಮಸ್ಸು ಬಂತು. "ನಮ್ಮೋರು ಎಲ್ಲಿಂದ ಬಂದ್ರು ಅಂತಾನೂ ಗೊತ್ತಾಗತ್ತೇನಮ್ಮ?"

"ತಾತ, ಮೊದಲು ನಿಮ್ಮನ್ನ ಆ ಹಲ್ಲಿಂದ ಆಚೆ ಕಳಿಸ್ಬೇಕು."

ಆ ಇನ್ನೊಬ್ಬರು ಮಾವನವರೇ ಎಂದು ಕೆಲವು ವಾರಗಳಲ್ಲಿ ಖಾತ್ರಿಯಾಗಿ ಅವಳ ಕೆಲಸ ಉಳಿಯಿತು. ಅಂದು ಸಂಜೆಯಂತೂ ಅತ್ತೆ ಅವರನ್ನು ಬಚ್ಚಲಿಗೆ ಅಟ್ಟಿ, ದಸರೆಯಲ್ಲಿ ತಪ್ಪಿದ್ದ ತಲೆಸ್ನಾನ ಮಾಡಿಸಿದರು.

ರಾತ್ರಿಗೆ ಮುದ್ದೆ, ಹಿತುಕಿದ ಬೇಳೆ ಸಾರು. ಹುಡುಗಿಯೂ ನಮ್ಮೊಂದಿಗೇ ಉಂಡಳು. ಸಾರು ಸುಡುತ್ತಿತ್ತು. ಮಾವನವರು ತುಟಿ ಮುಂದೆ ಮಾಡಿದವರು ಅತ್ತೆಯ ಮುಖ ನೋಡಿ, ಬಾಯಿ ಮುಚ್ಚಿ, ಆರುವ ತನಕ ಕಾದರು. ಎಲ್ಲರಿಗಿಂತ ಕೊನೆಗೆ ಉಂಡೆದ್ದವರು ಅವರು. ತಲೆಗೆ ನೀರು ಬಿದ್ದಿತ್ತಲ್ಲ, ಮೊದಲು ನಿದ್ದೆ ಹೋದವರೂ ಅವರೇ.